ಹನ್ನೆರಡು ಆಳು, ನಾಲ್ಕು ಈಳಿಗೆಮಣೆ

ಟಿ. ನಗರದ ಹೋಟೆಲೊಂದರಲ್ಲಿ ಅಡುಗೆಗಿದ್ದ ರಘುರಾಮನಿಗೆ ಮೂರು ವರ್ಷಗಳಲ್ಲಿ ಮೊದಲ ಸಲ ಅರ್ಧ ದಿನ ರಜೆ ಸಿಕ್ಕಿತ್ತು. ಸಂಜೆಯ ಮದುವೆ ಊಟದ ತರಕಾರಿ ಹೆಚ್ಚಿ ಕೊಟ್ಟರಾಯಿತು, ಹೆಂಡತಿ ಚಂದ್ರಮತಿಯನ್ನೂ ಮಗಳು ಸರಸಳನ್ನೂ ಮೂರು ಗಂಟೆಯ ಸರ್ಕಸ್ಸಿಗೆ ಕರೆದೊಯ್ಯಬಹುದು. ನಾಲ್ವರು ಒಂಬತ್ತಕ್ಕೆ ಕೂತರೆ ಹನ್ನೆರಡಕ್ಕೆ ಏಳುವಷ್ಟು ಕೆಲಸ. ಅಷ್ಟಕ್ಕೇ ಬಿಟ್ಟಿದ್ದರೆ ಸರ್ಕಸ್ಸು ಹೋಟೆಲಿನೊಳಗೇ ನಡೆಯುತ್ತಿರಲಿಲ್ಲ.

ಬೆಳಿಗ್ಗೆ ಸರಸ ಪುಸ್ತಕ ಹಿಡಿದು ಹೋಟೆಲಿನ ಹಿಂಬಾಗಿಲಿಗೆ ಬಂದಳು. ಓದುವುದು ತಮಿಳು ಶಾಲೆಯಲ್ಲಾದ್ದರಿಂದ ಲೆಕ್ಕ ಅವಳಿಗೆ ‘ಕಣಕ್ಕು’.

“ಅಪ್ಪಾ, ಈ ಕಣಕ್ಕು ಬರುದಿಲ್ಲ. ನಾಲ್ಕು ಆಳು ಮೂರು ದಿನದಲ್ಲಿ ಗೋಡೆ ಕಟ್ಟಿದ್ರೆ ಹನ್ನೆರಡು ಆಳಿಗೆ ಎಷ್ಟು ದಿನ?”

ರಘುರಾಮ ಎಂಟನೆಯ ತರಗತಿಯನ್ನು ಎರಡು ಸಲ ಓದಿದವನು. ಹಾಗಾಗಿ ಲೆಕ್ಕ ತನಗೆ ಉಳಿದವರ ಎರಡು ಪಾಲು ಗೊತ್ತೆಂದು ಅವನೇ ಹೇಳಿಕೊಳ್ಳುತ್ತಿದ್ದ. ತಿಂಡಿಯ ಹೆಸರು ಬರೆಯುವ ಕರಿಹಲಗೆ ಇಳಿಸಿ, ‘ರವಾ ದೋಸೆ’ಯನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣ ಹಿಡಿದ.

“ಹಂತ ಹಂತವಾಗಿ ಹೋಗ್ಬೇಕು ಮಗಾ. ನಾಲ್ಕು ಆಳಿಗೆ ಮೂರು. ಒಬ್ಬನೇ ಮಾಡಿದ್ರೆ ಹನ್ನೆರಡು. ಆ ಹನ್ನೆರಡನ್ನು ಹನ್ನೆರಡು ಜನ ಹಂಚಿಕೊಂಡ್ರೆ?”

“ಒಂದು!”

ದೋಸೆ ಒರೆಸಿದವನನ್ನು ಗದರಲು ಬಂದ ಧಣಿ ಮಧ್ವರಾಜರು ಹಲಗೆಯ ಮುಂದೆ ನಿಂತೇಬಿಟ್ಟರು. “ಇದು ತರಕಾರಿಗೂ ಆಗ್ತದಾ ರಘುರಾಮ?”

ಮಗಳು ಕಣ್ಣರಳಿಸಿ ನೋಡುತ್ತಿದ್ದಳು. ಇಲ್ಲ ಎನ್ನಲು ಅವನ ನಾಲಗೆ ಏಳಲಿಲ್ಲ. “ಆಗದೆ ಎಂತ ಧಣಿ? ಹನ್ನೆರಡು ಜನ ಕೂತ್ರೆ ಒಂದೇ ಗಂಟೆ.”

ಬಡಿಸುವ ಎಂಟು ಮಂದಿಯನ್ನು ಧಣಿ ಒಳಗೆ ಅಟ್ಟಿದರು.

“ಈಳಿಗೆಮಣೆ ನಾಲ್ಕೇ ಉಂಟಲ್ಲ?” ಎಂದ ಅವರಲ್ಲೊಬ್ಬ, ಕುಂದಾಪುರದ ಸದಾನಂದ.

“ಲೆಕ್ಕದಲ್ಲಿ ಈಳಿಗೆಮಣೆ ಬರುದಿಲ್ಲ ಮಾರಾಯ!” ಎಂದರು ಧಣಿ.

ನಾಲ್ವರು ಹೆಚ್ಚಿದರು, ಎಂಟು ಜನ ಬುದ್ಧಿ ಹೇಳಿದರು.

“ಇದೆಂತ ಇಷ್ಟು ಸಣ್ಣ ಹೋಳು? ಸಾಂಬಾರಿಗೋ, ಗುಬ್ಬಿಗೋ?” ಸದಾನಂದ ಕೇಳಿದ.

“ನಿಮ್ಮ ಕುಂದಾಪುರದಲ್ಲಿ ಕುಂಬಳಕಾಯಿ ಇಡೀ ಹಾಕ್ತಾರಾ?” ಎಂದ ಮಣೆಯ ಮೇಲಿದ್ದ ಕಾರ್ಕಳದ ತಿರುಮಲ.

ಕಾರ್ಕಳದ ಕಡೆಯವರು ಕುಂದಾಪುರದವರ ದೊಡ್ಡ ಹೋಳುಗಳನ್ನೆಲ್ಲ ಮತ್ತೆ ಹೆಚ್ಚಲು ಕೂತರು. ಅಷ್ಟರಲ್ಲಿ ಕಾಫಿ ಏನಾಯಿತೆಂದು ಹೊರಗಿನಿಂದ ಗಿರಾಕಿಗಳ ಕೂಗು: “ಸಾರ್, ಕಾಪಿ ಎನ್ನಾಚ್ಚು?” ಕೂಗಿದಾಗಲೆಲ್ಲ ಎಂಟೂ ಜನ ಓಡಿದರು, ಮರಳಿ ಬಂದು, ಮಣೆಯ ಸರದಿ ಯಾರದೆಂದು ಜಗಳ ತೆಗೆದರು. ನಡುವೆ ರಘುರಾಮ, ತುಂಬಿದ ಬಸ್ಸಿನಲ್ಲಿ ಕುಂಬಳಕಾಯಿ ಹೊತ್ತು ನಿಂತವನ ಹಾಗೆ, ಅತ್ತಲೂ ಹೊರಳಲಾರ, ಇತ್ತಲೂ ಹೊರಳಲಾರ.

ಕೊನೆಯ ಹೋಳು ಬಿದ್ದಾಗ ಮೂರು ಗಂಟೆ. ಹಿಂಬಾಗಿಲಲ್ಲಿ ಚಂದ್ರಮತಿ ಮಲ್ಲಿಗೆ ಮುಡಿದು, ಮಗಳ ಕೈಹಿಡಿದು ನಿಂತಿದ್ದಳು.

“ಸರ್ಕಸ್ಸಿನ ಆನೆ ಈಗ ಸ್ಟೂಲಿನ ಮೇಲೆ ಕೂತಿರ್ತದೆ,” ಎಂದಳು. “ನೀವು ಇನ್ನೂ ಮಣೆ ಮೇಲೆ.”

“ತಪ್ಪು ನಂದೇ,” ಎಂದ ರಘುರಾಮ. “ಎಂಟನೇ ತರಗತಿಗೆ ಮೂರನೇ ಸಲವೂ ಹೋಗ್ಬೇಕಿತ್ತು.”

ಧಣಿ ಬೈಯಲಿಲ್ಲ. ಹಲಗೆಯನ್ನೇ ನೋಡುತ್ತಿದ್ದವರ ಮುಖ ಮೆಲ್ಲಗೆ ಅರಳಿತು.

“ಹಂತ ಹಂತವಾಗಿ ಹೋಗ್ಬೇಕು ಅಂದ್ಯಲ್ಲ? ಇಂಥ ಊಟಕ್ಕೆ ನಾಲ್ಕು ಜನರಿಗೆ ಮೂರು ಗಂಟೆ. ಇವತ್ತು ಹನ್ನೆರಡು ಜನರಿಗೆ ಆರು. ಅಂದ್ರೆ ಜನ ಹೆಚ್ಚಾದ ಹಾಗೆ ಹೊತ್ತೂ ಹೆಚ್ಚು. ಸರಸಾ, ಹನ್ನೆರಡು ಜನರಿಗೆ ಆರು ಗಂಟೆ ಆದ್ರೆ ಒಬ್ಬನಿಗೆ?”

ಸರಸ ಬೆರಳು ಮಡಚಿ ಭಾಗಿಸಿದಳು. ಅಪ್ಪನ ನೆರವಿಲ್ಲದೆ ಅವಳು ಬಿಡಿಸಿದ ಮೊದಲ ಲೆಕ್ಕ ಅದು. “ಅರ್ಧ ಗಂಟೆ!”

“ಭೇಷ್! ನಾಳೆಯೂ ಇಷ್ಟೇ ದೊಡ್ಡ ಊಟ ಉಂಟು. ರಘುರಾಮ, ನೀನೊಬ್ಬನೇ ಕೂತ್ಕೋ. ಅರ್ಧ ಗಂಟೆಯಲ್ಲಿ ಮುಗಿಸಿ ಆರಾಮವಾಗಿ ಸರ್ಕಸ್ಸಿಗೆ ಹೋಗು.”

ಒಬ್ಬನಿಗೆ ಹನ್ನೆರಡು ಎಂದು ಬೆಳಿಗ್ಗೆ ತನ್ನ ಕೈಯಾರೆ ಬರೆದದ್ದನ್ನು ತೋರಿಸಲು ರಘುರಾಮ ಹಲಗೆಯ ಕಡೆ ತಿರುಗಿದ. ಧಣಿ ಆಗಲೇ ಅದನ್ನು ಒರೆಸಿ, ಅದೇ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ರವಾ ದೋಸೆ’ ಎಂದು ಬರೆಯುತ್ತಿದ್ದರು.