ರೆಪ್ಪೆಯ ಗಂಟು ಮತ್ತು ಮಾವನ ಹುಳು

ನಮ್ಮ ದೇಹದಲ್ಲಿ ಕಣ್ಣಿನ ರೆಪ್ಪೆಯಷ್ಟು ಸದ್ದಿಲ್ಲದೆ ದುಡಿಯುವ ಭಾಗ ಇನ್ನೊಂದಿಲ್ಲ. ಹೊಟ್ಟೆ ಗುಡುಗುತ್ತದೆ, ಮೊಣಕಾಲು ಮೆಟ್ಟಿಲು ಕಂಡರೆ ರಾಗ ತೆಗೆಯುತ್ತದೆ. ರೆಪ್ಪೆ ಮಾತ್ರ ಒಂದು ದಿನವೂ ತಕರಾರು ಮಾಡುವುದಿಲ್ಲ. ನಾನಂತೂ ನಲವತ್ತೊಂದು ವರ್ಷ ಅದರ ಕಡೆ ಗಮನವನ್ನೇ ಕೊಟ್ಟಿರಲಿಲ್ಲ. ಅದಕ್ಕೇ ಮುನಿಸಿಕೊಂಡಿತೋ ಏನೋ, ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಎಡಗಣ್ಣಿನ ಮೇಲ್ರೆಪ್ಪೆಯ ಮೇಲೆ ಸಾಸಿವೆಕಾಳಿನಷ್ಟು ಗಂಟು ಎದ್ದಿತು. ನಾನಾಗ ಶಿಡ್ಲಘಟ್ಟದಲ್ಲಿ ಅಂಚೆ ಗುಮಾಸ್ತ. ಕೌಂಟರಿಗೆ ಬಂದವರೆಲ್ಲ ಸ್ಟಾಂಪು ಕೊಂಡು ಒಂದೊಂದು ಔಷಧಿ ಹೇಳಿಹೋಗುತ್ತಿದ್ದರು. ಚಿನ್ನದ ಉಂಗುರ ಬಿಸಿ ಮಾಡಿ ಒತ್ತಿದೆ, ಹರಳೆಣ್ಣೆ ಹಚ್ಚಿದೆ. ಗಂಟು ಈ ಸೇವೆಯನ್ನೆಲ್ಲ ಸ್ವೀಕರಿಸಿ ಅವರೆಕಾಳಿನಷ್ಟಾಯಿತು.

ಕೊನೆಗೆ ಹೆಂಡತಿ ವೆಂಕಟಲಕ್ಷ್ಮಿ ನನ್ನನ್ನು ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ರೆಪ್ಪೆಗೆ ಸೂಜಿ ಚುಚ್ಚಿ ಮರಗಟ್ಟಿಸಿದರು. ನೋವೇನೂ ಆಗಲಿಲ್ಲ, ಆದರೆ ಕಿವಿ ಇತ್ತಲ್ಲ! ಹೊಸ ಬಟ್ಟೆ ಕತ್ತರಿಸುವಾಗಿನ ಕರಕರ ಸದ್ದು ನನ್ನ ತಲೆಯ ಒಳಗಿಂದಲೇ ಕೇಳಿಸಿತು. ಮುಗಿದ ಮೇಲೆ ಡಾಕ್ಟರು ಒಂದು ಇಂಜೆಕ್ಷನ್ ಬಾಟಲಿ ಎತ್ತಿ ತೋರಿಸಿದರು. ಘಾಟು ನೀರಿನಲ್ಲಿ ಬಿಳುಚಿದ ಮುದ್ದೆಯೊಂದು ತೇಲುತ್ತ ಮೆಲ್ಲಗೆ ನನ್ನ ಕಡೆ ತಿರುಗಿತು. ಅದು ನನ್ನನ್ನು ಗುರುತು ಹಿಡಿದಂತೆ ಅನಿಸಿ ಮೈ ಜುಮ್ಮೆಂದಿತು.

“ಇದನ್ನ ಬೆಂಗಳೂರಲ್ಲಿ ಪರೀಕ್ಷೆ ಮಾಡಿಸ್ಬೇಕು. ಕೆಟ್ಟ ಗಂಟಾದ್ರೆ ಇನ್ನೊಂದ್ಸಲ ಕೊಯ್ಯಬೇಕಾಗುತ್ತೆ. ಕಣ್ಣು ಉಳಿಯುತ್ತೋ ಇಲ್ವೋ ಆಗ ಹೇಳ್ತೀನಿ,” ಎಂದರು ಡಾಕ್ಟರು. ಆಗೆಲ್ಲ ಇಂಥ ಬಾಟಲಿಗಳನ್ನು ಮನೆಯವರೇ ಹೊತ್ತುಕೊಂಡು ಹೋಗಿ ಕೊಡಬೇಕಿತ್ತು. ಬಸ್ಸಿನಲ್ಲಿ ವೆಂಕಟಲಕ್ಷ್ಮಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಆರೈಕೆಗೆಂದು ಚಿಂತಾಮಣಿ ರಸ್ತೆಯ ಕಡೆ ಹಳ್ಳಿಯಲ್ಲಿದ್ದ ಮಾವನ ಮನೆಗೆ ಹೋದೆವು. ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಹೊಗೆಯ ಹತ್ತಿರ ಸುಳಿಯಬಾರದು, ಮೂರು ಹೊತ್ತು ಮುಲಾಮು. ಮಧ್ಯಾಹ್ನ ಗೋಣಿತಾಟಿನ ಪರದೆ ಇಳಿಬಿಟ್ಟ ಕೋಣೆಯಲ್ಲಿ ಮಲಗಿದರೆ ಪಕ್ಕದ ಹುಳುಮನೆಯಿಂದ ಸದ್ದು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗಿರುತ್ತದೆ. ಬಿಸಿಲು ಉರಿಯುವಾಗ ಮಳೆ ಕೇಳಿಸಿದರೆ ಹೇಗಿರುತ್ತದೆ ಹೇಳಿ. ಎರಡನೇ ದಿನಕ್ಕೆ ಅದು ನನ್ನ ಬ್ಯಾಂಡೇಜಿನ ಒಳಗಿಂದಲೇ ಬರುತ್ತಿದೆ, ಏನೋ ನನ್ನ ರೆಪ್ಪೆಯನ್ನು ಮೇಯುತ್ತಿದೆ ಎಂದು ಖಾತ್ರಿಯಾಯಿತು. ನೋಡಿಯೇಬಿಡೋಣವೆಂದು ಹೋಗಿ ಹುಳುಮನೆಯ ಬಾಗಿಲಲ್ಲಿ ಇಣುಕಿದೆ. ಕಾಯಿಲೆಯವರು ಅಲ್ಲಿಗೆ ಕಾಲಿಡುವಂತಿಲ್ಲ, ಇಣುಕುವಂತೆಯೂ ಇಲ್ಲ. ಅತ್ತೆ ನೋಡಿದರು. “ಅಯ್ಯೋ ದೇವುಡಾ!” ಎಂದವರು ನನ್ನ ಮುಖದ ಮೇಲೇ ಬಾಗಿಲು ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಬಾಮೈದ ನಾರಾಯಣಸ್ವಾಮಿ ನನ್ನ ಬಾಟಲಿ ಒಯ್ಯಲು ಬೆಂಗಳೂರಿಗೆ ಹೊರಟು ನಿಂತಿದ್ದ. ಮಾವ ಕೂಡ ರೇಷ್ಮೆ ಕಚೇರಿಗೆ ಹೊರಟಿದ್ದರು. ಹುಳುವೊಂದು ಬೆಳೆಯದೆ ಬಿಳುಚಿ ಮುದುಡಿಕೊಂಡಿದೆಯೆಂದು ಅದನ್ನು ಇಂಥದ್ದೇ ಬಾಟಲಿಗೆ ಹಾಕಿದ್ದರು. ನೀರೂ ಅದೇ ಘಾಟಿನ ಫಾರ್ಮಾಲಿನ್. ಹುಳುಮನೆ ತೊಳೆಯಲು ಕ್ಯಾನುಗಟ್ಟಲೆ ಇಟ್ಟಿರುತ್ತಾರೆ. “ಕೊಡ್ರೀ, ನಾನು ಕಟ್ತೀನಿ, ನಿಮಗೆ ಒಂದೇ ಕಣ್ಣು,” ಎಂದಳು ವೆಂಕಟಲಕ್ಷ್ಮಿ. ನನಗೆ ರೇಗಿಹೋಯಿತು. “ಹದಿನೆಂಟು ವರ್ಷ ಪಾರ್ಸೆಲ್ ನೋಡಿದೋನಿಗೆ ನೀನು ಹೇಳ್ಕೊಡ್ತೀಯಾ?” ಎಂದು ಗದರಿ, ಎರಡನ್ನೂ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಅರಗು ಒತ್ತಿ, ಮುತ್ತಿನಂಥ ಅಕ್ಷರದಲ್ಲಿ ವಿಳಾಸ ಬರೆದುಕೊಟ್ಟೆ.

ಸಂಜೆ ಮಾವ ಹಿಂದಿರುಗಿದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. “ಭೂತಗನ್ನಡಿಯಲ್ಲಿ ನೋಡಿದೋರು ಎದ್ದು ನಿಂತ್ಬಿಟ್ರಪ್ಪಾ. ಇಂಥಾ ರೋಗ ಇದುವರ್ಗೂ ಕಂಡಿಲ್ವಂತೆ. ಊರಿಗೆಲ್ಲ ಹರಡೋಕೆ ಮುಂಚೆ ಸುಟ್ಟಾಕಿ ಅಂದ್ರು.” ಗೂಡು ಕಟ್ಟಲು ಇನ್ನು ಮೂರೇ ದಿನವಿದ್ದ ಬೆಳೆಯನ್ನು ಆವತ್ತೇ ಹಿತ್ತಿಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ, ಬೆಂಕಿ ಕೊಟ್ಟರು.

ಮರುದಿನ ಮಧ್ಯಾಹ್ನ ಮಳೆ ನಿಂತಿತ್ತು. ಅಷ್ಟು ದೊಡ್ಡ ನಿಶ್ಶಬ್ದವನ್ನು ನಾನು ಯಾವ ಮನೆಯಲ್ಲೂ ಕೇಳಿರಲಿಲ್ಲ. ಅತ್ತೆ ನನಗೆ ಮುದ್ದೆ ಬಡಿಸುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು. ಅಳಿಯನ ಕಣ್ಣು ಬಿದ್ದು ಹುಳು ಹೋಯಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು. ನಾನೇ ತಡೆಯಲಾರದೆ, ಕಣ್ಣು ಬೀಳುವುದೆಲ್ಲ ಮೂಢನಂಬಿಕೆ, ರೋಗ ಬರುವುದು ಕ್ರಿಮಿಗಳಿಂದ ಎಂದು ಜಗಲಿಯ ಮೇಲೆ ಅರ್ಧ ಗಂಟೆ ಭಾಷಣ ಮಾಡಿದೆ. ಮಾವ ಪಾಪ, ತಲೆಯಾಡಿಸಿದರು.

ಹತ್ತು ದಿನದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದೆವು. ಡಾಕ್ಟರು ವರದಿ ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇದು ಮನುಷ್ಯರ ದೇಹದ್ದಲ್ಲ ಅಂತ ಬರ್ದಿದಾರೆ.” ಹಾಗಾದರೆ ಇಷ್ಟು ದಿನ ನನ್ನ ರೆಪ್ಪೆಯ ಮೇಲೆ ಕೂತು ಲೋಕ ನೋಡುತ್ತಿದ್ದದ್ದು ಏನು? ಅದು ಪೂರ್ತಿ ಹೋಗಿದೆಯೋ, ಒಳಗೆ ಇನ್ನೂ ಇದೆಯೋ? ಡಾಕ್ಟರು ನಿಧಾನವಾಗಿ ಕೇಳಿದರು, “ಬಾಟ್ಲಿ ಕಟ್ಟಿದ್ದು ಯಾರು?” ವೆಂಕಟಲಕ್ಷ್ಮಿ ತನ್ನ ಎರಡೂ ಕಣ್ಣುಗಳಿಂದ ನನ್ನನ್ನೇ ನೋಡಿದಳು.

ಅಲ್ಲಿಂದ ನೇರವಾಗಿ ರೇಷ್ಮೆ ಕಚೇರಿಗೆ ಓಡಿದೆವು. ಅಪರೂಪದ ರೋಗವೆಂದು ಬಾಟಲಿಯನ್ನು ಅಲಮಾರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. “ಸಾರ್, ಅದು ಹುಳು ಅಲ್ಲ. ಅದು ನಾನು,” ಎಂದೆ. ಅಲ್ಲಿನ ಅಧಿಕಾರಿ ಬಾಟಲಿ ಕೊಟ್ಟು, ಕೈ ತೊಳೆಯಲು ಒಳಗೆ ಹೋದವರು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಈ ಸಲ ಕಟ್ಟಿದ್ದು, ಬರೆದದ್ದು, ಕೊಟ್ಟು ಬಂದದ್ದು ಎಲ್ಲ ವೆಂಕಟಲಕ್ಷ್ಮಿಯೇ. ಮತ್ತೆ ಹತ್ತು ದಿನ ಕಾದೆವು. ಆ ಹತ್ತು ದಿನ ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಅದಕ್ಕೇ. ಕೊನೆಗೆ ಬಂದ ವರದಿಯಲ್ಲಿ, ಮಾಮೂಲಿ ಗಂಟು, ಅಪಾಯವೇನೂ ಇಲ್ಲ ಎಂದಿತ್ತು. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವಳು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ, ಹೊಲಿಗೆ ಬಿಚ್ಚಿದ ಜಾಗ ಉರಿಯುವವರೆಗೆ.

ಮಾವನ ಹುಳುವಿಗೆ ನಿಜವಾಗಿ ರೋಗವಿತ್ತೇ ಎನ್ನುವುದು ಬೆಂಗಳೂರಿನ ಮೊದಲ ವರದಿಯಲ್ಲಿ ಇರಲಿಲ್ಲ. ಎಷ್ಟು ಸಲ ಓದಿದರೂ ಇರಲಿಲ್ಲ. ಸತ್ಯ ಹೇಳಿಬಿಡೋಣವೆಂದು ಗಟ್ಟಿ ಮನಸ್ಸು ಮಾಡಿ ಹಳ್ಳಿಗೆ ಹೋದೆ. ಮಾವ ಬಾಗಿಲಲ್ಲೇ ಎದುರಾಗಿ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

“ಹುಷಾರಾಯ್ತಲ್ಲಪ್ಪಾ, ಅಷ್ಟು ಸಾಕು. ಹುಳ ಹೋದ್ರೆ ಹೋಗ್ಲಿ. ನಿಮ್ಮ ಕಣ್ಣಿಗೆ ಬಂದಿದ್ದ ಗಂಡಾಂತರಾನ ಆ ಮೂಕ ಜೀವಗಳು ತಗೊಂಡೋದ್ವು. ನೀವು ಇದನ್ನೆಲ್ಲ ನಂಬಲ್ಲ, ಗೊತ್ತು.”

ವೆಂಕಟಲಕ್ಷ್ಮಿ ನನ್ನ ಹಿಂದೆಯೇ ನಿಂತಿದ್ದಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

“ನಂಬ್ತೀನಿ ಮಾವ,” ಎಂದೆ.