ನಮ್ಮ ದೊಡ್ಡಮ್ಮನ ಎರೆಹುಳು ಕಷಾಯ

ನಮ್ಮ ದೊಡ್ಡಮ್ಮನಿಗೆ ಮಾಟ ಬರುತ್ತದೆ ಎಂದು ಬಸವೇಶ್ವರನಗರದ ಎರಡು ರಸ್ತೆಗಳ ಜನ ನಂಬಿದ್ದರು. ಮೂರನೆಯ ರಸ್ತೆಯವರು ನಂಬಿರಲಿಲ್ಲ, ಏಕೆಂದರೆ ಅವರ ಮನೆಗೆ ದೊಡ್ಡಮ್ಮ ಇನ್ನೂ ಹೋಗಿರಲಿಲ್ಲ. ಇದು ಎಂಬತ್ತರ ದಶಕದ ಮಾತು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಾಟ ಮಂತ್ರ ಎಲ್ಲ ಸುಳ್ಳು ಎಂದು ಹಗಲೆಲ್ಲ ಪಾಠ ಮಾಡಿ, ಸಂಜೆ ದೊಡ್ಡಮ್ಮ ಬಕೆಟ್ ಎತ್ತಿಕೊಂಡಳೆಂದರೆ ನಾನೂ ಸ್ವಲ್ಪ ದೂರವೇ ನಿಲ್ಲುತ್ತಿದ್ದೆ.

ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ಯಾರೋ ಎರೆಹುಳುವಿನ ಬಗ್ಗೆ ಮಾತಾಡಿದ್ದೇ ನೆಪ. ನಮ್ಮ ಮನೆಯ ಮೆಟ್ಟಿಲ ಕೆಳಗೆ ಸಿಮೆಂಟ್ ತೊಟ್ಟಿ ಬಂತು. ಅದರೊಳಗೆ ಸಗಣಿ, ತರಕಾರಿ ಸಿಪ್ಪೆ, ಲೆಕ್ಕವಿಲ್ಲದಷ್ಟು ಹುಳು. ಮೇಲೆ ಒದ್ದೆ ಗೋಣಿಚೀಲ. ಸುಮ್ಮನೆ ಕೂತು ಕಿವಿಗೊಟ್ಟರೆ ಆ ಚೀಲದಡಿಯಿಂದ ಸಣ್ಣಗೆ ಸರಸರ ಸದ್ದು. ಬ್ಯಾಡರಹಳ್ಳಿಯಿಂದ ಬಂದ ನೆಂಟರೊಬ್ಬರು ಮಧ್ಯಾಹ್ನ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದವರು ತಟ್ಟನೆ ಎದ್ದು ಕೂತರು.

"ಅಕ್ಕಾ, ಇದರೊಳಗೆ ಯಾರೋ ಇದಾರೆ."

"ಊಟ ಮಾಡ್ತಾ ಇದಾವೆ. ಮಾತಾಡಿಸ್ಬೇಡ," ಎಂದಳು ದೊಡ್ಡಮ್ಮ.

ನೆಂಟರು ಕಾಫಿಗೂ ಕಾಯದೆ ಬಸ್ ಸ್ಟಾಪಿನ ಕಡೆ ನಡೆದರು.

ಹುಳುವಿನ ಹಿಕ್ಕೆ ನೋಡಲು ಟೀಪುಡಿಯಂತೆಯೇ ಇರುತ್ತದೆ. ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಬಕೆಟ್ಟಿಗೆ ಇಳಿಬಿಟ್ಟು, ಒಂದು ಚೂರು ಬೆಲ್ಲ ಹಾಕಿ, ಆಗಾಗ ಕೋಲಿನಿಂದ ತಿರುವುತ್ತಿದ್ದರೆ ಮಾರನೆಯ ದಿನಕ್ಕೆ ನೊರೆಯೆದ್ದು ಕಷಾಯ ತಯಾರು. ಯಾರೋ ಅದನ್ನು ಟೀ ಎಂದುಕೊಂಡು ಕುಡಿದುಬಿಟ್ಟರು ಅಂತ ಹೇಳುತ್ತೇನೆಂದು ನೀವು ಕಾಯುತ್ತಿದ್ದೀರಿ. ಇಲ್ಲ, ಕುಡಿದದ್ದು ಮಣ್ಣು ಮಾತ್ರ. ಅದೂ ಕಂಡವರ ಮನೆಯ ಮಣ್ಣು!

ಬಿಸಿಲು ಬಿದ್ದರೆ ಕಷಾಯದ ಜೀವ ಹೋಗುತ್ತದೆಂದು ದೊಡ್ಡಮ್ಮ ಮುಸ್ಸಂಜೆಗೇ ಹೊರಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮನೆ ಗೇಟು ಕಿರ್ರೆನ್ನುತ್ತದೆ. ಹೊರಗೆ ಬಂದರೆ, ತಲೆತುಂಬ ಸೆರಗು ಹೊದ್ದ ಎತ್ತರದ ಹೆಂಗಸೊಬ್ಬಳು ಕಾಂಪೌಂಡಿನೊಳಗೆ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ನೆಲಕ್ಕೊತ್ತಿ ಕಣ್ಣು ಮುಚ್ಚಿದ್ದಾಳೆ. ಏನಮ್ಮಾ ಇದು ಎಂದರೆ, "ಮಣ್ಣು ಸತ್ತೋಗಿದೆ ಕಣಪ್ಪ, ಜೀವ ತರ್ತಾ ಇದೀನಿ" ಎನ್ನುತ್ತಾಳೆ. ಆಮೇಲೆ ಗಿಡದ ಬುಡ, ಬರಿನೆಲ ಎನ್ನದೆ ಒಂದು ಗೇಣೂ ಬಿಡದೆ ಚಿಮುಕಿಸುತ್ತಾಳೆ. ನೀವಾದರೂ ಮಾಟ ಎನ್ನದೆ ಇನ್ನೇನು ಎನ್ನುತ್ತಿದ್ದಿರಿ?

ಹೆದರಿಕೆ ಹೆಚ್ಚಿಸಿದ್ದು ಕಷಾಯದ ಗುಣ. ಒಂದು ಮನೆಯಲ್ಲಿ ಒಣಗಿ ಕಡ್ಡಿಯಾಗಿದ್ದ ಗುಲಾಬಿ ಮೈತುಂಬ ಹೂ ಬಿಟ್ಟಿತು. ಮನೆಯವರು ಹೆದರಿ ಒಂದು ಹೂವನ್ನೂ ಕೀಳಲಿಲ್ಲ. ಅವಳು ನಡೆದಾಡಿದ ಅಂಗಳಗಳಲ್ಲಿ ಬೆಳಗಿನ ಹೊತ್ತಿಗೆ, ಕೆಳಗಿನಿಂದ ಯಾರೋ ಬೆರಳಲ್ಲಿ ತಳ್ಳಿದಂತೆ, ಸಣ್ಣ ಸಣ್ಣ ಮಣ್ಣಿನ ಗುಪ್ಪೆಗಳು ಏಳತೊಡಗಿದವು. ಒಂದು ದಿನ ನಮ್ಮ ಗೇಟಿನ ಮುಂದೆಯೇ ಯಾರೋ ಕುಂಕುಮ ಹಚ್ಚಿದ ನಿಂಬೆಹಣ್ಣು ಕೊಯ್ದಿಟ್ಟು ಹೋಗಿದ್ದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ದೊಡ್ಡಮ್ಮ ಬಗ್ಗಿ ನೋಡಿ, "ನಿಂಬೆ ನಮ್ಮ ಹುಳಕ್ಕೆ ಆಗಲ್ಲ ಕಣೇ. ಬಾಳೆಹಣ್ಣು ಇಟ್ಟಿದ್ರೆ ತೊಟ್ಟಿಗೆ ಹಾಕ್ಬೋದಿತ್ತು" ಎಂದು ಬೇಸರಪಟ್ಟಳು.

ಮೂರನೆಯ ರಸ್ತೆಯ ಮೇಷ್ಟರೊಬ್ಬರು, ಧೈರ್ಯವಂತರು, ನಮ್ಮ ಕರಿಬೇವಿಗೂ ಒಂದಿಷ್ಟು ಹಾಕಿ ಎಂದು ಕೇಳಿಕೊಂಡರು. "ನಿಮ್ಮನೆ ನಮ್ಮ ಹೊಲದಲ್ಲಿಲ್ಲ," ಎಂದು ದೊಡ್ಡಮ್ಮ ಮುಂದೆ ನಡೆದಳು. ಆ ಎರಡು ರಸ್ತೆಗಳು ಇರುವುದು ನಮ್ಮ ರಾಗಿ ಹೊಲದ ಮೇಲೆ. ಲೇಔಟ್ ಮಾಡುವಾಗ ಹೊಲ, ಬದು, ಮರ ಎಲ್ಲ ಮಟ್ಟವಾಗಿತ್ತು. ಹೊಲ ಹೋದ ಸಂಕಟಕ್ಕೆ ಹೀಗಾಡುತ್ತಾಳೆ ಎಂದು ನಾವೆಲ್ಲ ಸುಮ್ಮನಿದ್ದೆವು.

ಕೊನೆಗೆ ಉಳಿದದ್ದು ಒಂದೇ ಮನೆ. ಬ್ಯಾಂಕಿನಲ್ಲಿ ಆಫೀಸರಾಗಿದ್ದ ಅದರ ಯಜಮಾನರು 'ಬಕೆಟ್ ಅಜ್ಜಿ'ಯನ್ನು ಗೇಟಿನೊಳಗೆ ಬಿಡಬೇಡಿ ಎಂದು ಅಪ್ಪಣೆ ಮಾಡಿದ್ದರು. ಸಾಲದ್ದಕ್ಕೆ, ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಲು ಜಲ್ಲಿ ಮರಳು ತರಿಸಿದ್ದರು. ಅದನ್ನು ಕಂಡ ದಿನದಿಂದ ದೊಡ್ಡಮ್ಮನಿಗೆ ಅನ್ನ ಸೇರಲಿಲ್ಲ. "ಅದೊಂದು ಮನೆ ಕಣೇ. ಸಿಮೆಂಟ್ ಬಿದ್ಮೇಲೆ ಆಗಲ್ಲ. ಹೆಂಗಾದ್ರೂ ಕರ್ಕೊಂಡ್ ಹೋಗು," ಎಂದು ನನ್ನ ಕೈ ಹಿಡಿದಳು. ಆ ಆಫೀಸರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಟೀಚರ್ ಮುಖ ನೋಡಿ, ಯಜಮಾನರಿಲ್ಲದ ಒಂದು ಸಂಜೆ, ಅವರ ಹೆಂಡತಿ ಗೇಟು ತೆಗೆದರು. ಮಗಳನ್ನು ಒಳಗೆ ಅಟ್ಟಿ, ವಿಭೂತಿ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತರು.

ಒಂದು ಹುಲ್ಲುಕಡ್ಡಿಯೂ ಇಲ್ಲದ ಅಂಗಳ. ಕತ್ತಲಾಗುತ್ತಿತ್ತು. ಅಂಗಳಕ್ಕೆಲ್ಲ ಕಷಾಯ ಚಿಮುಕಿಸಿ ಮುಗಿಸಿದ ದೊಡ್ಡಮ್ಮ ಮತ್ತೆ ನೆಲಕ್ಕೆ ಅಂಗೈಯೊತ್ತಿ ಏನೋ ಪಿಸುಗುಟ್ಟುತ್ತಿದ್ದಳು. ನಾನು ಹತ್ತಿರ ಹೋಗಿ ಬಗ್ಗಿದೆ.

"ದೊಡ್ಡಮ್ಮ, ಇಲ್ಲಿ ಗಿಡಾನೇ ಇಲ್ವಲ್ಲ. ಯಾರ ಹತ್ರ ಮಾತಾಡ್ತಿದೀಯ?"

"ನನ್ನ ಮೊದಲ್ನೇ ಕೂಸು ಕಣೇ, ಹೆಣ್ಣು. ಹೆಸರಿಡೋ ಮುಂಚೆನೇ ಹೋಯ್ತು. ಹೊಲದಲ್ಲೇ ಮಣ್ಣು ಮಾಡಿದ್ವು. ಗುರುತಿಗೆ ಕಲ್ಲು ನೆಟ್ಟಿದ್ದೆ, ಬುಲ್ಡೋಜರ್‌ನೋರು ಕಿತ್ತಾಕ್ಬಿಟ್ರು. ಈಗ ಯಾರ ಮನೇಲಿದಾಳೋ ಗೊತ್ತಿಲ್ಲ. ಅದಕ್ಕೇ ಎಲ್ಲಾ ಕಡೆ ಹಾಕ್ದೆ. ಅವಳ ಮೇಲಿನ ಮಣ್ಣು ಮೆತ್ತಗಿರ್ಲಿ ಅಂತ."

ನಮ್ಮ ಮನೆಯಲ್ಲಿ ಆ ಮಗುವಿನ ಮಾತನ್ನು ಯಾರೂ ಎತ್ತಿದ್ದಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಬಾಗಿಲಲ್ಲಿದ್ದವರು ವಿಭೂತಿ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಅಂಗಳಕ್ಕೆ ಇಳಿದರು. ದೊಡ್ಡಮ್ಮನ ಪಕ್ಕ ಕೂತು, ಕತ್ತಲಲ್ಲಿ ಕೈ ತೋರಿಸಿದರು.

"ಅಮ್ಮಾ, ಆ ನೀರಿನ ಸಂಪಿನ ಹಿಂದೆ ಒಂಚೂರು ಬಿಟ್ಟೋಗಿದೆ. ಅಲ್ಲೂ ಹಾಕಿ."