ಅಜ್ಜನ ಸಿಟ್ಟಿನ ವಾರಸುದಾರ

ನನ್ನ ಸಿಟ್ಟಿಗೆ ನಾನು ಜವಾಬ್ದಾರನಲ್ಲ. ಈ ಮಾತನ್ನು ತಲೆ ತಗ್ಗಿಸಿ ಹೇಳಿದವನಲ್ಲ ನಾನು. ಎಂಬತ್ತರ ದಶಕದ ಬಹುಪಾಲು ಎದೆಯುಬ್ಬಿಸಿಕೊಂಡೇ ಹೇಳುತ್ತ ಓಡಾಡಿದ್ದೇನೆ. ಮನುಷ್ಯನ ಮೂಗು, ಮೈಬಣ್ಣ, ಬೋಳುತಲೆ ಇವೆಲ್ಲ ಹಿರಿಯರಿಂದ ಬಂದವು ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಬೋಳುತಲೆಯವನನ್ನು ನಿಲ್ಲಿಸಿ 'ಯಾಕಪಾ, ಕೂದಲಾ ಉದುರಿಸಿಕೊಂಡಿ?' ಎಂದು ಯಾರಾದರೂ ಜಬರಿಸಿದ್ದುಂಟೇ? ಸಿಟ್ಟಿನವನಿಗೆ ಮಾತ್ರ ಕಂಡಕಂಡವರೆಲ್ಲ 'ಸಿಟ್ಟು ಬಿಡು' ಎಂದು ಉಪದೇಶ ಮಾಡುತ್ತಾರೆ. ಬಿಡುವುದಕ್ಕೆ ಅದೇನು ಬೀಡಿಯೇ? ಬೀಡಿಯನ್ನಾದರೂ ನಾವು ಕೊಂಡು ತಂದಿರುತ್ತೇವೆ. ಸಿಟ್ಟು ತಾನಾಗಿ ಬಂದು ಮೈಯೊಳಗೆ ಕೂತದ್ದು.

ನಮ್ಮೂರು ಪಾಮನಕಲ್ಲೂರು. ಅಲ್ಲಿ ನಮ್ಮಜ್ಜನ ಸಿಟ್ಟೆಂದರೆ ಹೊಲಮನೆಯ ಹಾಗೆ ಊರಿಗೆಲ್ಲ ಗೊತ್ತಿದ್ದ ಆಸ್ತಿ. ಒಮ್ಮೆ ಮಸ್ಕಿಯಿಂದ ಬರುವಾಗ ಬಸ್ಸಿನ ಕಂಡಕ್ಟರು, 'ಯಜ್ಜಾ, ಸ್ವಲ್ಪ ಹಿಂದ ಸರಿ' ಎಂದನಂತೆ. 'ನಾ ಹಿಂದ ಸರಿಯೋ ಮಗಾ ಅಲ್ಲಲೇ!' ಎಂದು ಅಜ್ಜ ಬಸ್ಸು ನಿಲ್ಲಿಸಿ, ಇಳಿದು, ರಣಬಿಸಿಲಲ್ಲಿ ಊರತನಕ ನಡೆದೇ ಬಂದ. ಬಂದು ಉಣ್ಣಲು ಕೂತರೆ ರೊಟ್ಟಿ ಆರಿತ್ತು. ಆರದೆ ಏನು ಮಾಡೀತು, ಬಸ್ಸಿನ ವೇಳೆಗೆಂದು ಬಡಿದ ರೊಟ್ಟಿ! ಅಜ್ಜ ಗಂಗಾಳ ಎತ್ತಿ ಅಂಗಳಕ್ಕೆ ಒಗೆದ. ಗಂಗಾಳ ಒಗೆಯುವುದು ನಮ್ಮ ಮನೆಯ ವಾಡಿಕೆ. ನಮ್ಮಲ್ಲಿದ್ದ ಹಿತ್ತಾಳೆ ಗಂಗಾಳಗಳಲ್ಲಿ ಒಂದೂ ನೆಲದ ಮೇಲೆ ನೆಟ್ಟಗೆ ಕೂರುತ್ತಿರಲಿಲ್ಲ. ಸಾರು ಹಾಕಿದರೆ ಅಷ್ಟೂ ಒಂದೇ ಕಡೆಗೆ ಓಡುತ್ತಿತ್ತು. ಬೀಗರು ಬಂದರೆ ಪಕ್ಕದ ಮನೆಯಿಂದ ಗಂಗಾಳ ತರುತ್ತಿದ್ದರು. ನಾನು ಚಿಕ್ಕವನಿದ್ದಾಗ ಆಟದಲ್ಲಿ ಸೋತು, ಗೋಲಿಗಳನ್ನೆಲ್ಲ ಬಾವಿಗೆ ಸುರಿದು ಬಂದೆ. ಓಣಿಯ ಮುದುಕಿಯರು ಗಲ್ಲದ ಮೇಲೆ ಕೈಯಿಟ್ಟುಕೊಂಡು, 'ಯವ್ವಾ, ಥೇಟ್ ಅಜ್ಜನ! ಅಜ್ಜನ ರಕ್ತ ನೋಡವಾ' ಎಂದರು. ಅಂದಿನಿಂದ ನನ್ನ ಸಿಟ್ಟಿಗೊಂದು ಘನತೆ ಬಂತು.

ತೊಡಕಿದ್ದದ್ದು ನಮ್ಮಪ್ಪನ ವಿಷಯದಲ್ಲಿ. ಅಪ್ಪ ತಣ್ಣಗಿನ ಮನುಷ್ಯ. ಎತ್ತು ಕಾಲು ತುಳಿದರೂ 'ಸರಿಯೋ ನಮ್ಮಪ್ಪಾ' ಎಂದು ಅದಕ್ಕೆ ಕೈಮುಗಿಯುವಂಥವನು. ಅಂಥವನ ಹೊಟ್ಟೆಯಲ್ಲಿ ನನ್ನಂಥವನು ಹೇಗೆ? ಈ ಗಂಟು ಬಿಚ್ಚಿದ್ದು ನಾನು ಮಸ್ಕಿಯ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದು ಬಟಾಣಿ ಗಿಡದ ಪಾಠ ಹೇಳತೊಡಗಿದ ಮೇಲೆ. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಬಂಧ ಬೆಳೆಸಿದರೆ ಮಕ್ಕಳೆಲ್ಲ ಎತ್ತರ. ಗಿಡ್ಡತನ ಎಲ್ಲೋ ಅಡಗಿ ಕೂತಿದ್ದು ಮೊಮ್ಮಕ್ಕಳಲ್ಲಿ ಎದ್ದು ಬರುತ್ತದೆ. ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದವನು ಹಾಗೇ ನಿಂತುಬಿಟ್ಟೆ. ಅಜ್ಜನ ಸಿಟ್ಟು ಅಪ್ಪನಲ್ಲಿ ಅಡಗಿ ನನ್ನಲ್ಲಿ ಎದ್ದಿದೆ! ಆ ದಿನ ಎಷ್ಟು ಹುರುಪಿನಿಂದ ಪಾಠ ಹೇಳಿದೆನೆಂದರೆ, ಹಿಂದಿನ ಬೆಂಚಿನವರೂ ಎಚ್ಚರವಿದ್ದರು.

ಈ ವಿದ್ಯೆ ನನ್ನ ಹೆಂಡತಿ ಶರಣಮ್ಮನಿಗೆ ಹತ್ತಲಿಲ್ಲ. ಅವಳು ಲಿಂಗಸೂಗೂರಿನವಳು. 'ಹೆಡ್ ಮಾಸ್ತರ್ರು ಎಲ್ಲಾರ ಮುಂದ ಬೈದಾಗ ಅಜ್ಜನ ರಕ್ತ ಎಲ್ಲಿಗೆ ಹೋಗಿತ್ರಿ?' ಎಂದು ಕೇಳುತ್ತಿದ್ದಳು. 'ರಕ್ತಕ್ಕೂ ನೌಕರಿ ಬೇಕಲ್ಲೇನ?' ಎನ್ನುತ್ತಿದ್ದೆ. ಹೀಗೆ ನಡೆದಿತ್ತು ಸಂಸಾರ. ಒಂದು ದಿನ ಪುಂಡಿಪಲ್ಲೆಗೆ ಉಪ್ಪು ಕಡಿಮೆಯಾಯಿತು. ನಾನು ರೂಢಿಯಂತೆ ಗಂಗಾಳ ಎತ್ತಿ ಅಂಗಳಕ್ಕೆ ಒಗೆದೆ. ಒಗೆಯುವ ಮುಂಚೆ ಅದು ಯಾವ ಗಂಗಾಳವೆಂದು ನೋಡಬೇಕಿತ್ತು. ಅದು ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು, ಅಂಚಿನ ಮೇಲೆ ತೀರಿಹೋದ ಅವಳ ತಾಯಿಯ ಹೆಸರು ಕೊರೆಸಿದ ಸ್ಟೀಲಿನ ಗಂಗಾಳ. ಶರಣಮ್ಮ ಅಳಲಿಲ್ಲ, ಒದರಾಡಲಿಲ್ಲ. ಅದನ್ನು ಎತ್ತಿಕೊಂಡು ಬಂದು ತೊಳೆದು, ಸೆರಗಿನಿಂದ ಒರೆಸಿ ಚೀಲದಲ್ಲಿಟ್ಟುಕೊಂಡಳು. 'ಸಿಟ್ಟು ನಿಮ್ಮದಲ್ಲ ಅಂತೀರಲ್ಲ, ಅದು ಯಾರದು ಅಂತ ಗೊತ್ತಾದ ದಿನ ಹೇಳಿ ಕಳಸ್ರಿ' ಎಂದು ಲಿಂಗಸೂಗೂರಿನ ಬಸ್ಸು ಹತ್ತಿದಳು.

ಎರಡು ದಿನದಲ್ಲಿ ಬರುತ್ತಾಳೆಂದುಕೊಂಡೆ. ಬರಲಿಲ್ಲ. ನಾನೇ ಅನ್ನ ಬೇಯಿಸಿಕೊಂಡೆ, ನಾನೇ ಸಾರು ಕಾಯಿಸಿಕೊಂಡೆ. ಆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಸೋಜಿಗವೆಂದರೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಸುಮ್ಮನೆ ಎದ್ದು ಹೋಗಿ ಡಬ್ಬಿಯಿಂದ ಉಪ್ಪು ತೆಗೆದು ಹಾಕಿಕೊಂಡೆ. ಅಜ್ಜನ ರಕ್ತ ರಜೆ ಹಾಕಿತ್ತೋ ಏನೋ! ಮನೆ ಮಾತ್ರ ಬಿಕೋ ಎನ್ನುತ್ತಿತ್ತು. ಶರಣಮ್ಮ ನನಗೆ ಎಷ್ಟು ಬೇಕಾದವಳು ಎಂಬುದು ಆಗ ತಿಳಿಯಿತು. ಸುದ್ದಿ ಪಾಮನಕಲ್ಲೂರಿಗೆ ಮುಟ್ಟಿ, ಅವ್ವ ಬಂದಿಳಿದಳು. 'ನಡಿ, ಸೊಸೀನ ಕರಕೊಂಡು ಬರೋಣು. ಬಾಯಿ ಮುಚ್ಚಿಕೊಂಡು ಕುಂದುರು' ಎಂದಳು.

ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ನಾನೇನು ಅಡ್ನಾಡಿಯೇ? ಬಸ್ಸಿನುದ್ದಕ್ಕೂ ಪಾಠ ಸಿದ್ಧಪಡಿಸಿಕೊಂಡೆ. ಮಾವನವರು ಹೊಲ, ಎತ್ತು ಇದ್ದ ದೊಡ್ಡ ಒಕ್ಕಲುತನದ ಹಿರಿಯರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕಾಯುತ್ತಿದ್ದರು. ಶರಣಮ್ಮ ಬಾಗಿಲ ಮರೆಯಲ್ಲಿದ್ದಳು. 'ಮಾಸ್ತರ, ಉಪ್ಪು ಕಮ್ಮಿ ಆದ್ರ ಮ್ಯಾಲ ಹಾಕ್ಕೋಬೇಕು. ಗಂಗಾಳ ಒಗದ್ರ ಉಪ್ಪು ಹೆಚ್ಚಾಗ್ತೈತೇನು?' ಎಂದು ಮಾವ ಶುರುಮಾಡಿದರು. 'ತಪ್ಪು ನಂದೂ ಅಲ್ಲ, ನಿಮ್ಮ ಮಗಳದೂ ಅಲ್ರಿ ಮಾವಾರ. ತಪ್ಪು ರಕ್ತದ್ದು' ಎಂದು ನಾನು ಬಟಾಣಿಯಿಂದ ಹಿಡಿದು ಅಜ್ಜನವರೆಗೆ ಎಲ್ಲ ಬಿಡಿಸಿ ಹೇಳಿದೆ. ಅಷ್ಟು ಗಮನವಿಟ್ಟು ನನ್ನ ಪಾಠವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

'ಅಂದ್ರ ಇದು ಹುಟ್ಟಿನಿಂದನ ಬಂದದ್ದು?' ಎಂದರು ಮಾವ.

'ಹೌದ್ರಿ.'

'ಎಷ್ಟು ಬುದ್ಧಿ ಹೇಳಿದ್ರೂ ಹೋಗಾಂಗಿಲ್ಲ?'

'ಇಲ್ರಿ. ಶಾಸ್ತ್ರಾನ ಹಂಗ ಹೇಳ್ತೈತಿ.'

'ಸಾಯೋತನಕ ಹಿಂಗ?'

'ಹಿಂಗ ರೀ' ಎಂದೆ, ಗೆದ್ದ ಹುಮ್ಮಸ್ಸಿನಲ್ಲಿ.

ಮಾವ ಹೆಗಲ ಮೇಲಿನ ವಸ್ತ್ರ ಕೊಡವಿದರು. 'ಛಲೋ ಆತು. ನಿಮ್ಮಂಥಾ ಖರೇ ಮನಷ್ಯಾನ್ನ ನಾ ಕಂಡಿಲ್ಲ. ಹಾಯೋ ಎತ್ತು ಮಾರೋರು ಸುದ್ದಾ, ಯಾರೋ ಕೆಣಕಿದ್ರು ಅದಕ್ಕ ಹಾಯ್ತು ಅಂತಾರ. ತಳೀನ ಹಾಯೋ ತಳಿ ಅಂತ ಒಪ್ಪಿಕೊಂಡವರು ನೀವ ಮೊದಲು. ಬುದ್ಧಿ ಹೇಳಿದ್ರ ಹೋಗೋ ಸಿಟ್ಟಾಗಿದ್ರ, ಹೇಳಿ ಮಗಳನ್ನ ಕಳಿಸ್ತಿದ್ದೆ. ಹೋಗಾಂಗಿಲ್ಲ ಅಂದ ಮ್ಯಾಲ ಯಾಕ ಕಳಿಸ್ಲಿ? ಉಂಡು ಹೊಂಡ್ರಿ.'

ನನ್ನ ಪಾಠ ಅವರಿಗೆ ಅರ್ಥವಾಗಬಹುದೆಂದು ನಾನು ಲೆಕ್ಕ ಹಾಕಿರಲೇ ಇಲ್ಲ. ಆಗ ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಸರಿದು ಕೂತಳು.

'ಬೀಗರ, ನಂದೊಂದು ಮಾತು. ನಮ್ಮ ಮಾವನ, ಅಂದ್ರ ಇವನ ಅಜ್ಜನ ರಕ್ತ ಇವನ ಮೈಯಾಗ ಒಂದು ಹನಿ ಇಲ್ಲ. ಇವನ್ನ ನಾ ಹಡದಿಲ್ರಿ. ಗೊರೇಬಾಳದಾಗಿನ ನನ್ನ ತಂಗಿ ಹಡದು ನನ್ನ ಉಡ್ಯಾಗ ಹಾಕ್ಯಾಳ. ಆಕಿ ಗಂಡನ ಬಾಯಾಗ ಇವತ್ತಿನತನಕ ಒಂದು ಜೋರು ಮಾತು ಬಂದಿಲ್ಲ. ಇವನ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ, ಹೋಗ್ತೈತಿ. ಸೊಸೀನ ಕಳಸ್ರಿ.'

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊರೇಬಾಳದವರನ್ನು ಕಾಕಾ, ಚಿಗವ್ವ ಎನ್ನುತ್ತಿದ್ದೆ. ಹೆತ್ತವರೂ ಅವರೇ ಎಂಬುದು ಮನೆಯಲ್ಲಿ ಗುಟ್ಟೇನೂ ಅಲ್ಲ. ಆದರೆ ನಮ್ಮ ಕಡೆ ಮಗುವನ್ನು ಉಡಿಗೆ ಹಾಕಿದರೆಂದರೆ ಮುಗಿಯಿತು. ಅದರ ಮೇಲೆ ಊರು ಅಜ್ಜನ ಮೂಗನ್ನೂ ಕೊಡುತ್ತದೆ, ಅಜ್ಜನ ಸಿಟ್ಟನ್ನೂ ಕೊಡುತ್ತದೆ. ಎಲ್ಲರೂ ಮರೆತಿದ್ದರು, ಬಟಾಣಿ ಪಾಠ ಹೇಳುವ ನಾನೂ ಮರೆತಿದ್ದೆ. 'ಹಡದಿಲ್ಲ' ಎಂಬ ಮಾತನ್ನು ಮಾತ್ರ ಅವ್ವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನ್ನ ಸಂಸಾರ ಉಳಿಸಲು ಅವಳು ತನ್ನ ತಾಯ್ತನವನ್ನೇ ತೆಗೆದು ಬೀಗರ ಮುಂದಿಟ್ಟಿದ್ದಳು. ನನಗೆ ಅಳು ಬಂತು.

'ಅಯ್ಯ, ಹೌದಲ್ರೀ! ಹೆಣ್ಣು ಕೊಡೋ ಮುಂದ ಯಾರೋ ಹೇಳಿದ್ರು, ನಾನೂ ಮರತಿದ್ದೆ' ಎಂದರು ಮಾವ. 'ಹಂಗಾರ ಮಾಸ್ತರ, ಈ ಸಿಟ್ಟು ಎಲ್ಲಿಂದ ಬಂತು?'

ಅಳುವಿನ ನಡುವೆಯೂ ಮಾಸ್ತರಿಕೆ ಬಿಡಲಿಲ್ಲ. 'ಸಣ್ಣಾಂವ ಇದ್ದಾಗಿಂದ ಅಜ್ಜನ್ನ ನೋಡಿ ನೋಡಿ ಕಲಿತದ್ದು ರೀ. ಅದೂ ನನ್ನ ಕೈಯಾಗಿನ ಮಾತಲ್ಲ' ಎಂದೆ.

ಬಾಗಿಲ ಮರೆಯಿಂದ ಶರಣಮ್ಮ ಈಚೆ ಬಂದಳು. 'ನೋಡಿ ಕಲಿಯೋದಾದ್ರ ನಮ್ಮ ಮಾವನ್ನ, ನಿಮ್ಮಪ್ಪನ್ನ ಯಾಕ ನೋಡ್ಲಿಲ್ಲ? ಅವರೂ ಅದ ಮನ್ಯಾಗ ಇದ್ರು, ಅದ ಪಂಕ್ತ್ಯಾಗ ಉಣ್ತಿದ್ರು. ಇಬ್ಬರ ಪೈಕಿ ಅಜ್ಜನ್ನ ಆರಿಸಿಕೊಂಡವರು ನೀವು. ಅದು ನಿಮ್ಮ ಮರ್ಜಿ. ಅಷ್ಟು ಬಾಯಿಬಿಟ್ಟು ಹೇಳ್ರಿ, ಈಗ ಬರ್ತೀನಿ.'

ಒಂದು ಕಡೆ ಶಾಸ್ತ್ರ, ಇನ್ನೊಂದು ಕಡೆ ಶರಣಮ್ಮ. ಶಾಸ್ತ್ರ ಹೇಗೂ ಅನ್ನ ಬೇಯಿಸುವುದಿಲ್ಲ. 'ನನ್ನ ಮರ್ಜಿ' ಎಂದೆ. ಅವ್ವ ಮೂಗೊರೆಸಿಕೊಂಡು ಎದ್ದಳು. ಮಸ್ಕಿಯ ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ನನ್ನನ್ನು ಬೈಯುತ್ತ ಬಂದರು.

ಅಂದಿನಿಂದ ಸಿಟ್ಟಿನಲ್ಲಿ ಮೊದಲಿನ ಸುಖವಿಲ್ಲ. ಮೊದಲೆಲ್ಲ ಅಜ್ಜ ಬಂದು ಸಿಟ್ಟು ಮಾಡಿ ಹೋಗುತ್ತಿದ್ದ, ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ ಅಷ್ಟೆ. ಈಗ ಮೊದಲಿಂದ ಕೊನೆತನಕ ನಾನೇ ಮಾಡಬೇಕು, ಆಮೇಲೆ ಯಾಕೆ ಮಾಡಿದೆ ಎಂದು ಉತ್ತರವನ್ನೂ ಕೊಡಬೇಕು. ಇಷ್ಟು ಕೆಲಸ ಯಾರಿಂದಾದೀತು?

ಹಾಗೆಂದು ನಾನು ಶಾಸ್ತ್ರ ಬಿಟ್ಟವನಲ್ಲ. ತೊಂಬತ್ತರ ದಶಕದಲ್ಲಿ ಒಮ್ಮೆ ಗೊರೇಬಾಳಕ್ಕೆ ಹೋಗಿ ಕಾಕಾನನ್ನು ಕಣ್ತುಂಬ ನೋಡಿದೆ. ಕಾಲುವೆ ನೀರು ಗದ್ದೆಗೆ ತಾನೇ ಬರುತ್ತದೆಂದು ಕಟ್ಟೆಯ ಮೇಲೆ ಕೂತಿದ್ದ. ಸಿಂಧನೂರಿನ ಬಸ್ಸು ಕಣ್ಣೆದುರೇ ಹೊರಟರೂ ಕೈ ಎತ್ತಲಿಲ್ಲ. 'ಇನ್ನೊಂದು ಬರ್ತೈತಿ ಬಿಡು' ಎಂದ. ನನಗೆ ರೋಮಾಂಚನವಾಯಿತು. ಮನೆಗೆ ಬಂದ ಮರುದಿನವೇ ಶರಣಮ್ಮ ಜೋಳ ಬೀಸಿಸಿಕೊಂಡು ಬರಲು ಹೇಳಿದಳು. ನಾನು ಹಾಸಿಗೆಯಿಂದಲೇ ವಿವರಿಸಿದೆ: 'ನನ್ನ ಹುಟ್ಟಿಸಿದಾಂವ ಜಲಮದಾಗ ಗಿರಣಿಗೆ ಹೋಗಿಲ್ಲ. ಇದು ಮಾತ್ರ ಖರೇನ ರಕ್ತದಾಗ ಬಂದದ್ದು. ಬೇಕಾದ್ರ ಯಾರನ್ನರ ಕೇಳು.'

ಶರಣಮ್ಮ ವಾದ ಮಾಡಲಿಲ್ಲ. 'ಹೌದೇನ್ರಿ? ಹಂಗಾರ ಲಿಂಗಸೂಗೂರಿಗೆ ಹೇಳಿ ಕಳಸ್ತೀನಿ, ಅಪ್ಪ ಬಂದು ಇನ್ನೊಮ್ಮೆ ನಿಮ್ಮ ಪಾಠ ಕೇಳ್ಲಿ' ಎಂದಳು.

ಅವಳ ಮಾತು ಮುಗಿಯುವಷ್ಟರಲ್ಲಿ ಜೋಳದ ಚೀಲ ನನ್ನ ಹೆಗಲ ಮೇಲಿತ್ತು. ಯಾರ ಬಲವಂತವೂ ಇರಲಿಲ್ಲ. ಪೂರ್ತಿ ನನ್ನದೇ ಮರ್ಜಿ.